ಮಾವನ ಚರ್ಚು ಯಾತ್ರೆ

ನನ್ನ ಸೋದರಮಾವನಷ್ಟು ಚರ್ಚುಗಳನ್ನು ಯಾವ ಪಾದ್ರಿಯೂ ನೋಡಿರಲಿಕ್ಕಿಲ್ಲ! ತಪ್ಪದೆ ಸಂಧ್ಯಾವಂದನೆ ಮಾಡುವ ಸ್ಯಾನ್ ರಮೋನ್ ನಿವಾಸಿಗೆ ಇದೆಂಥ ಹುಚ್ಚು ಅಂತೀರಾ? ಹುಚ್ಚು ಅವರದಲ್ಲ, ಅತ್ತೆಯದು. ಇಂಗ್ಲೆಂಡಿನ ಹಳ್ಳಿ, ಹುಲ್ಲು ಹೊದಿಸಿದ ಮನೆ, ಹಳೇ ಕಲ್ಲಿನ ಚರ್ಚು ಅಂದರೆ ಅತ್ತೆಗೆ ಪ್ರಾಣ. ಪ್ರತಿ ಬೇಸಿಗೆಯೂ ಅವರು ಮುಂದೆ, ಗೊಣಗುತ್ತ ಮಾವ ಹಿಂದೆ.

ಕಳೆದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಮಾವ ಅಳಲಿಲ್ಲ, ಅವರ ಮಾತೇ ಎತ್ತಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಉಳಿಯತೊಡಗಿತು. ಹೀಗೇ ಬಿಟ್ಟರೆ ಇವರೂ ನಮಗೆ ದಕ್ಕುವುದಿಲ್ಲವೆಂದು ಹೆದರಿ, ಈ ಬೇಸಿಗೆಯಲ್ಲಿ ಮೆನ್ಲೋ ಪಾರ್ಕಿನ ಆಫೀಸಿಗೆ ರಜೆ ಹಾಕಿ ನಾನೇ ಅವರನ್ನು ಇಂಗ್ಲೆಂಡಿಗೆ ಹೊರಡಿಸಿಕೊಂಡು ಹೋದೆ.

ಸರಿಯಾಗಿ ಪೇಚಿಗೆ ಸಿಕ್ಕಿಕೊಂಡೆ! ಮೊದಲ ಚರ್ಚಿನಲ್ಲೇ ಮಾವ ಶೂ ಬಿಚ್ಚಿದರು. ಒಂದನ್ನು ಬಾಗಿಲ ಬಳಿ ಬಿಟ್ಟು, ಇನ್ನೊಂದನ್ನು ಅಂಗಳದ ಗೋರಿಯೊಂದರ ಹಿಂದೆ ಬಚ್ಚಿಟ್ಟರು.

“ಮಾವ, ಇಲ್ಲಿ ಯಾರು ಕದೀತಾರೆ?”

“ದೇವರ ಮನೆ ಅಂದ್ಮೇಲೆ ಎಲ್ಲಾ ಕಡೆ ಒಂದೇ ಕಣೇ. ಜೊತೆಗಿದ್ರೆ ತಾನೇ ಹೊತ್ಕೊಂಡು ಹೋಗೋದು?”

ಹೊರಗೆ ಬಂದರೆ ಬಾಗಿಲ ಶೂ ನಾಪತ್ತೆ! ಚರ್ಚು ನೋಡಿಕೊಳ್ಳುವ ಅಜ್ಜ, ಪಾಪ, ಯಾರೋ ಮರೆತು ಹೋದ ಒಂಟಿ ಶೂ ಎಂದುಕೊಂಡು ಜೋಪಾನವಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಇನ್ನು ಸ್ನಾನದ ಕಥೆ. ಅಲ್ಲಿಯ ಹಳೇ ಚರ್ಚುಗಳ ಅಂಗಳವೇ ಸ್ಮಶಾನ. ಸ್ಮಶಾನಕ್ಕೆ ಕಾಲಿಟ್ಟ ಮೇಲೆ ಮೀಯದೆ ಇರಲಾದೀತೇ? ಚರ್ಚಿಗೊಂದು ಸ್ನಾನ! ನಾವು ಇಳಿದುಕೊಂಡಿದ್ದ ಮನೆಯೊಡತಿ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮ ಅಂಕಲ್‌ಗೆ ಚರ್ಮದ ಕಾಯಿಲೆ ಏನಾದರೂ ಇದೆಯಾ?” ಎಂದು ಪಿಸುಗುಟ್ಟಿದಳು. ಬಿದ್ದು ಬಿದ್ದು ನಗುತ್ತ ಮಾವನಿಗೆ ಹೇಳಿದೆ.

“ನಿಮ್ಮತ್ತೆ ಇದ್ದಿದ್ರೆ…” ಎಂದವರು ಅಷ್ಟಕ್ಕೇ ನಿಲ್ಲಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟೇ ಹೋದರು. ನನಗೆ ಯಾಕಾದರೂ ನಕ್ಕೆನೋ ಅನಿಸಿತು.

ಕೊನೆಯ ದಿನ ಹೊಳೆಯ ಪಕ್ಕದ ಒಂದು ಪುಟ್ಟ ಹಳ್ಳಿಗೆ ಹೋದೆವು. ಚರ್ಚಿನ ಅಂಗಳದಲ್ಲಿ ಅಜ್ಜಿಯೊಬ್ಬಳು ಗಂಡನ ಗೋರಿಯ ಪಾಚಿ ಉಜ್ಜುತ್ತ, ಮನೆಯ ಟೊಮ್ಯಾಟೊ ಗಿಡಕ್ಕೆ ಹುಳ ಬಿದ್ದಿದೆಯೆಂದು ಅವನಿಗೆ ದೂರು ಹೇಳುತ್ತಿದ್ದಳು. ಮಾವ ನಿಂತುಬಿಟ್ಟರು.

“ನಿಮ್ಮತ್ತೇನ ಗೋಲ್ಡನ್ ಗೇಟ್ ಸೇತುವೆ ಆಚೆ ಸಮುದ್ರಕ್ಕೆ ಬಿಟ್ಟು ಬಂದ್ವಿ. ಈಗ ನಾನು ಯಾವ ಕಡೆ ತಿರುಗಿ ಮಾತಾಡ್ಲಿ, ಹೇಳು?”

ನಾನು ಹೋಗಿ ಅಜ್ಜಿಗೆ ವಿಷಯ ತಿಳಿಸಿದೆ. ಆಕೆ ಬೆಂಚಿನ ಮೇಲಿದ್ದ ಬಕೆಟ್ಟನ್ನು ಕೆಳಗಿಟ್ಟು, “ಬನ್ನಿ, ನಮ್ಮವರ ಹತ್ತಿರ ಹೇಳಿ. ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ” ಎಂದಳು.

ಮಾವ ಕೂತರು. ಕೂತವರೇ ಬಿಕ್ಕಿ ಬಿಕ್ಕಿ ಅತ್ತರು. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, ಆ ಕಲ್ಲಿಗೆ ಕೈಮುಗಿದು, ತಮ್ಮ ಇಂಗ್ಲಿಷಿನಲ್ಲಿ ಕೇಳಿಕೊಂಡರು:

“ಸ್ವಾಮಿ, ನಮ್ಮನೆಯವಳು ಆ ಕಡೆ ಎಲ್ಲಾದರೂ ಕಂಡರೆ, ನಾನು ಊಟ ಮಾಡ್ತಿದ್ದೀನಿ ಅಂತ ಹೇಳಿಬಿಡಿ. ನಿಮ್ಮ ಇಂಗ್ಲಿಷ್ ಅವಳಿಗೆ ಬೇಗ ತಿಳಿಯೋಲ್ಲ. ಸ್ವಲ್ಪ ನಿಧಾನವಾಗಿ ಹೇಳಿ.”