ಹಿಂದಕ್ಕೆ ಮೂರು ಗೇರು

ಹಳೇ ಕಾರು ಇಟ್ಟುಕೊಂಡವನು ನಗೋ ಸಂಗತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾರನ್ನು ಒಂದು ಸಲ ರಿಪೇರಿಗೆ ಬಿಟ್ಟರೆ ಸಾಕು. ಅವೇ ಮನೆ ಬಾಗಿಲಿಗೆ ಬರುತ್ತವೆ.

ನಂದು ಹಾಸನದಲ್ಲಿ ಬಾಡಿಗೆ ಕಾರು. ಯುದ್ಧಕ್ಕೆ ಮುಂಚಿನದು. ಸಕಲೇಶಪುರದ ಕಡೆ ಕಾಫಿ ತೋಟದ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಹೋಗುವಾಗ ಮಾರಿದ್ದು. ಕಪ್ಪು ಬಣ್ಣ. ದೊಡ್ಡ ಮಡ್‌ಗಾರ್ಡು. ಚೆಂಬಿನ ಹಾಗೆ ಎರಡು ದೀಪ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು ನಾನು ತಗೊಂಡಾಗ. ಮದುವೆ, ಆಸ್ಪತ್ರೆ, ಕೋರ್ಟು ಅಂತ ಜನ ಕರೀತಿದ್ದರು.

ಕಾರು ಒಳ್ಳೇದು. ಗ್ಯಾರೇಜು ಕೆಟ್ಟದ್ದು. ಅಲ್ಲಿನ ಮೇಸ್ತ್ರಿ ಒಂದು ಸರಿ ಮಾಡಿದರೆ ಇನ್ನೊಂದು ಕೆಡಿಸದೆ ಕಳಿಸುತ್ತಿರಲಿಲ್ಲ. ಅವನು ಕೆಡಿಸಿದ್ದನ್ನು ಮನೆ ಮುಂದೆ ನಾನೂ ನನ್ನ ಹೆಂಡತಿಯೂ ಸರಿ ಮಾಡುತ್ತಿದ್ದೆವು. ನಾನು ಕಾರಿನ ಅಡಿ ಮಲಗೋನು. ಅವಳು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಸ್ಪಾನರು ಕೊಡೋಳು.

ಈ ಸಂಗತಿಗಳನ್ನೆಲ್ಲ ಬಂದವರಿಗೆ ಅವಳೇ ಹೇಳೋಳು. ನಾನು ನಗೋನು. ಈಗ ಅವಳಿಲ್ಲ. ನಾನು ಓದಿದವನಲ್ಲ, ಬರೆಯೋದು ನಿಧಾನ. ಬರೀದಿದ್ದರೆ ಹೋಗಿಬಿಡುತ್ತವಲ್ಲ ಅಂತ ಬರೀತಿದ್ದೀನಿ.

ಎತ್ತು

ಮದುವೆಯಲ್ಲಿ ನನ್ನ ಹೆಂಡತಿಯ ಅಣ್ಣ ನನಗೆ ಒಂದು ಜೊತೆ ಎತ್ತು ಕೊಟ್ಟಿದ್ದ. ನೋಡೋಕೆ ಎರಡು ಕಣ್ಣು ಸಾಲದು, ಅಂಥ ಎತ್ತು. ಅವನ್ನು ಮಾರಿ ನಾನು ಕಾರು ತಗೊಂಡೆ. ಭಾವ ಬಾಯಲ್ಲಿ ಏನೂ ಅನ್ನಲಿಲ್ಲ. ಮನಸ್ಸಲ್ಲಿ ಇಟ್ಟುಕೊಂಡ.

ಕಾರು ಬಂದ ಮೇಲೆ ಮೊದಲ ಸಲ ಅವಳ ತವರಿಗೆ ಹೊರಟೆವು. ಅರಕಲಗೂಡಿಂದ ಆಚೆ ಆರೇಳು ಮೈಲಿ ಆ ಹಳ್ಳಿ. ಹಿಂದಿನ ದಿನ ಮೇಸ್ತ್ರಿ ಪೆಟ್ರೋಲು ಪೈಪು ಸರಿ ಮಾಡಿದ್ದ. ಸರಿ ಮಾಡೋದು ಅಂದರೆ, ಸೋರುವ ಕಡೆ ಬಟ್ಟೆ ಸೋಪು ಮೆತ್ತಿ ದಾರ ಸುತ್ತಿದ್ದ. ಊರು ಇನ್ನೇನು ಕಾಣಿಸಿತು ಅನ್ನುವಾಗ ಸೋಪು ಬಿತ್ತು. ಪೆಟ್ರೋಲೆಲ್ಲ ರಸ್ತೆ ಪಾಲಾಯ್ತು. ಕಾರು ನಿಂತಿತು.

ಪಕ್ಕದ ಹೊಲದಲ್ಲಿ ಒಬ್ಬ ಉಳುತ್ತಿದ್ದ. ಪಾಪ, ನೇಗಿಲು ಬಿಚ್ಚಿ ಎತ್ತು ತಂದು ಕಾರಿಗೆ ಹಗ್ಗ ಕಟ್ಟಿದ. ಎತ್ತುಗಳು ನನ್ನ ಕೈ ನೆಕ್ಕೋಕೆ ಶುರು ಮಾಡಿದವು. ನೋಡಿದರೆ ನಾನು ಮಾರಿದ ಜೋಡಿಯೇ. ನನ್ನಿಂದ ತಗೊಂಡವನು ಇವನಿಗೆ ಮಾರಿದ್ದನಂತೆ.

ಹಾಗೇ ಊರೊಳಕ್ಕೆ ಹೋದೆವು. ಮುಂದೆ ಎತ್ತು, ಹಿಂದೆ ಕಾರು, ಕಾರೊಳಗೆ ರೇಷ್ಮೆ ಸೀರೆ ಉಟ್ಟ ನನ್ನ ಹೆಂಡತಿ. ಭಾವ ಜಗುಲಿಯಿಂದ ಎದ್ದು ಬಂದ. ಕಾರನ್ನು ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ಎತ್ತಿನ ಬೆನ್ನು ಸವರಿದ.

"ಬಾವ ನಿಮ್ಮುನ್ನ ಮಾರ್ಬುಟ್ರು ಅಂದ್ಕಂಡಿದ್ದೆ ಕಣ್ರಲಾ," ಅಂದ ಎತ್ತುಗಳಿಗೆ. "ಇಲ್ವಲ್ಲ! ವಸಿ ಬಾರದ್ ಗಾಡಿ ಕಟ್ಟವ್ರೆ, ಅಷ್ಟೆಯ."

ಕಿಟಕಿ ಊಟ

ಊರೆಲ್ಲ ನಕ್ಕಿತು. ನನ್ನ ಹೆಂಡತಿ ನಗಲಿಲ್ಲ. ಹಾಸನಕ್ಕೆ ಬಂದ ಮೇಲೆ ಒಂದೇ ಮಾತು ಅಂದಳು. "ಈ ಕಾರು ಎತ್ತಿಲ್ದೆ ನಮ್ಮೂರ್ಗೆ ಓಗೋಗಂಟ ನಾನೂ ಓಗಕಿಲ್ಲ."

ಅವಳ ಅಣ್ಣನೂ ಅದೇ ರಕ್ತ. "ಬಸ್ಸಲ್ಲಾದ್ರೂ ಬರ್ಲಿ, ನಡ್ಕಂಡಾದ್ರೂ ಬರ್ಲಿ. ನಾನಾಗ್ ಕರಿಯಕ್ ಓಗಕಿಲ್ಲ," ಅಂದನಂತೆ. ಮಧ್ಯೆ ನಮ್ಮತ್ತೆ. ಸಂತೆಗೆ ಬಂದವರ ಕೈಲೆಲ್ಲ "ನನ್ ಮಗ್ಳು ಯಾವಾಗ್ ಬತ್ತಾಳೆ?" ಅಂತ ಹೇಳಿ ಕಳಿಸೋರು. ಹೆಂಡತಿ ನನ್ನ ಮುಖ ನೋಡೋಳು. ನಾನು ಕಾರಿನ ಮುಖ ನೋಡ್ತಿದ್ದೆ.

ಕಾರಿನ ಹಿಂದಿನ ಬಾಗಿಲುಗಳು ಗಡಗಡ ಅಂತಿದ್ದವು. ಮೇಸ್ತ್ರಿಗೆ ಕೊಟ್ಟೆ. ಆಮೇಲೆ ಗಡಗಡ ಅನ್ನಲಿಲ್ಲ, ನಿಜ.

ಚನ್ನರಾಯಪಟ್ಟಣದಲ್ಲಿ ಒಬ್ಬರು ಜೈನ ಯಜಮಾನರಿದ್ದರು. ಬಟ್ಟೆ ವ್ಯಾಪಾರ. ದೊಡ್ಡ ಮೈ, ಸಣ್ಣ ಮಾತು. ಶ್ರವಣಬೆಳಗೊಳಕ್ಕೆ ಹೋಗಬೇಕಾದರೆ ನನ್ನ ಕಾರೇ ಆಗಬೇಕು ಅವರಿಗೆ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟೋರಲ್ಲ. ಒಂದು ದಿನ ಅಲ್ಲಿಗೆ ಹೋಗಿ ಬರುವಾಗ ಬೆಳಗಿಂದ ಏನೂ ತಿಂದಿರಲಿಲ್ಲ. ಹೊತ್ತು ಇನ್ನೂ ಇರೋ ಹಾಗೆ ತಂದು ಮನೆ ಮುಂದೆ ನಿಲ್ಲಿಸಿದೆ. ಇಳಿದು ಹಿಂದಿನ ಬಾಗಿಲಿನ ಹಿಡಿ ತಿರುಗಿಸಿದೆ. ಹಿಡಿ ಕೈಗೆ ಬಂತು. ಆ ಕಡೆಗೆ ಹೋಗಿ ತಿರುಗಿಸಿದೆ. ಅದೂ ಬಂತು. ಬಾಗಿಲು ಮಾತ್ರ ಬರಲಿಲ್ಲ.

"ಮುಂದಿನ ಸೀಟು ದಾಟಿ ನನ್ನ ಬಾಗಿಲಲ್ಲಿ ಇಳೀರಿ ಸ್ವಾಮಿ," ಅಂದೆ.

ಅವರು ಸೀಟು ನೋಡಿದರು. ಹೊಟ್ಟೆ ನೋಡಿಕೊಂಡರು. ಆಮೇಲೆ ಸೂರ್ಯನನ್ನು ನೋಡಿದರು. ಸೂರ್ಯ ಎದುರುಮನೆ ಹೆಂಚಿನ ಮೇಲೆ ಕೂತಿದ್ದ.

ಅವರ ಸೊಸೆ ಜಾಣೆ. ಓಡಿಹೋಗಿ ತಟ್ಟೆ ತಂದಳು. ಕಿಟಕಿ ಗಾಜು ಅರ್ಧ ಇಳಿದಿತ್ತು. ಅನ್ನ ಹೋಯ್ತು, ತೊವ್ವೆ ಹೋಯ್ತು, ತುಪ್ಪ ಹೋಯ್ತು. ಬೀದಿಯವರೆಲ್ಲ ಸುತ್ತ ನಿಂತರು. ನಾನು ಆ ಕಡೆ ಬಾಗಿಲಿಗೆ ಸ್ಕ್ರೂಡ್ರೈವರು ಹಾಕಿ ಮೀಟುತ್ತಿದ್ದೆ. ಕಾರು ಅಲುಗಿದಾಗೆಲ್ಲ ಸೊಸೆ, "ಸ್ವಲ್ಪ ತಡೀರಿ, ಸಾರು ಚೆಲ್ಲುತ್ತೆ," ಅನ್ನೋಳು. ಯಜಮಾನರು ಅವಸರ ಪಡಲಿಲ್ಲ. ಮಜ್ಜಿಗೆ ಅನ್ನ ಮುಗಿಸಿದರು. ಕಿಟಕಿಯಿಂದ ಕೈ ಚಾಚಿ ತೊಳೆದುಕೊಂಡರು. ಸೂರ್ಯ ಮುಳುಗಿದ. ಅದೇ ಹೊತ್ತಿಗೆ ಬಾಗಿಲು ಪಟ್ ಅಂತ ತೆರೆದುಕೊಂಡಿತು.

"ಇಳೀರಿ ಸ್ವಾಮಿ," ಅಂದೆ.

ಅವರು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. "ಬಾಗಿಲು ಹಾಕಪ್ಪ. ಊಟ ಆದ ಮೇಲೆ ಒಂದು ಗಳಿಗೆ ಮಲಗೋದು ನನಗೆ ರೂಢಿ."

ಬಲಕ್ಕೇ ತಿರುಗು

ಬಾಗಿಲು ನಾವೇ ಸರಿ ಮಾಡಿಕೊಂಡೆವು. "ಈಗ ಓಗ್ಬೌದಾ?" ಅಂದಳು ಹೆಂಡತಿ. ಹೋಗಬಹುದಿತ್ತು. ಹಾರನ್ನು ಒಂದು ಮೆತ್ತಗಿತ್ತು. ಅದನ್ನು ಜೋರು ಮಾಡಿಸೋಣ ಅಂತ ಮೇಸ್ತ್ರಿ ಹತ್ತಿರ ಹೋದೆ. ಹೋಗಬಾರದಿತ್ತು.

ಅವನು ಯಾವ ತಂತಿ ಯಾವುದಕ್ಕೆ ಕೊಟ್ಟನೋ. ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಹಾರನ್ನು ಬಡಕೊಳ್ಳೋದು. ನೆಟ್ಟಗೆ ಮಾಡೋವರೆಗೂ ನಿಲ್ಲುತ್ತಿರಲಿಲ್ಲ. ಗ್ಯಾರೇಜಿಂದ ಮನೆಗೆ ಬರುವಾಗ ಪೇಟೆ ಚೌಕದಲ್ಲಿ ಪೊಲೀಸಿನವರು ಕೈ ಅಡ್ಡ ಹಾಕಿದರು.

"ಯಾಕಯ್ಯಾ ಸುಮ್ಸುಮ್ನೆ ಹಾರನ್ ಒಡೀತೀಯಾ?"

"ನಾನ್ ಒಡೀತಿಲ್ಲ ಸಾ. ಎಡಕ್ಕೆ ತಿರುಗ್ಸುದ್ರೆ ಅದೇ ಒಡ್ಕತದೆ."

"ಬಲಕ್ಕೆ ತಿರುಗ್ಸುದ್ರೆ?"

"ಇಲ್ಲ ಸಾ."

ಅವರು ಸ್ವಲ್ಪ ಯೋಚನೆ ಮಾಡಿದರು. "ಅಂಗಾದ್ರೆ ಬಲಕ್ಕೇ ತಿರುಗುಸ್ಕಂಡ್ ಓಗು."

ಪೊಲೀಸಿನವರ ಮಾತು. ಮೀರೋ ಹಾಗಿಲ್ಲ. ಬಲಕ್ಕೆ ತಿರುಗಿದೆ. ಮುಂದೆ ಮತ್ತೆ ಬಲಕ್ಕೆ. ಇನ್ನೊಂದು ಸಲ ಬಲಕ್ಕೆ. ಮತ್ತೊಂದು ಸಲ ತಿರುಗಿದರೆ ಅದೇ ಚೌಕ, ಅದೇ ಪೊಲೀಸಿನವರು. ಹಲ್ಲು ಕಚ್ಚಿಕೊಂಡು ದೂರದ ಸುತ್ತು ಹಾಕಿದೆ. ಸಂತೆಮಾಳ ಎಲ್ಲ ಬಳಸಿ ಬಲಕ್ಕೆ ಬಲಕ್ಕೆ ಬಂದರೆ ಮತ್ತೆ ಅಲ್ಲಿಗೇ ಬಂದೆ.

ಅವರು ಹತ್ತಿರ ಬಂದು ಕಿಟಕಿಗೆ ಬಗ್ಗಿದರು. "ನಿನ್ ಮನೆ ಎಲ್ಲಯ್ಯಾ?"

"ಇಲ್ಲೇ ಸಾ, ಎಡಗಡೆ ಬೀದಿ."

ಅವರು ನಿಟ್ಟುಸಿರು ಬಿಟ್ಟರು. ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡರು. "ಓಗು," ಅಂದರು.

ಹುಣಸೆಹಣ್ಣು

ಹೊಳೆನರಸೀಪುರದಲ್ಲಿ ಒಂದು ಮದುವೆ. ಬೆಳಗ್ಗೆ ಹೆಣ್ಣಿನ ಕಡೆಯವರನ್ನು ಕರಕೊಂಡು ಹೋಗಬೇಕು. ಕಾರು ಸ್ಟಾರ್ಟ್ ಆಗುತ್ತಿಲ್ಲ. ಮೂತಿಗೆ ಹ್ಯಾಂಡ್ಲು ಹಾಕಿ ತಿರುಗಿಸಿ ತಿರುಗಿಸಿ ತೋಳು ಸೋತಿತು. ಎಂಜಿನ್ನಿಗೆ ಕಿಡಿ ಕೊಡೋ ಪ್ಲಗ್ಗು ಬಿಚ್ಚಿದೆ. ಮೇಸ್ತ್ರಿ ಅವನ್ನು ಯಾವ ಎಣ್ಣೆಯಲ್ಲಿ ಅದ್ದಿದ್ದನೋ, ಒಲೆ ಮೇಲಿನ ಮಡಕೆ ತಳದಷ್ಟು ಕಪ್ಪು.

ಹೆಂಡತಿ ನೋಡಿದಳು. "ಕೊಡಿ ಇಲ್ಲಿ," ಅಂದು ಬಚ್ಚಲಿಗೆ ತಗೊಂಡು ಹೋದಳು. ಹುಣಸೆಹಣ್ಣು, ಬೂದಿ ಹಾಕಿ ದೇವರ ಸಾಮಾನು ಬೆಳಗೋ ಹಾಗೆ ಬೆಳಗಿದಳು. ಒಲೆ ಮೇಲೆ ಒಣಗಿಸಿ ತಂದಳು. ಕಾರು ಒಂದೇ ಹ್ಯಾಂಡ್ಲಿಗೆ ಎದ್ದಿತು.

ಸುದ್ದಿ ಮೇಸ್ತ್ರಿ ಕಿವಿಗೆ ಬಿತ್ತು. ಮರುದಿನ ಒಂದು ಬುಟ್ಟಿ ತುಂಬ ಕಪ್ಪು ಪ್ಲಗ್ಗು ಕಳಿಸಿದ. ಮೇಲೆ ಒಂದು ದೊಡ್ಡ ಉಂಡೆ ಹುಣಸೆಹಣ್ಣು. "ಅಕ್ಕಾವ್ರಿಗೆ ಕೊಡ್ಬೇಕಂತೆ," ಅಂದ ತಂದವನು.

ಹೆಂಡತಿ ಹುಣಸೆಹಣ್ಣು ಒಳಕ್ಕೆ ಇಟ್ಟುಕೊಂಡಳು. ಪ್ಲಗ್ಗು ವಾಪಸ್ ಕಳಿಸಿದಳು. "ನಿಮ್ ಮೇಸ್ತ್ರಿಗೆ ಯೋಳಪ್ಪ, ಸಾರು ಚೆನ್ನಾಗಾಯ್ತದೆ ಅಂತ."

ಹಿಂದಕ್ಕೆ

ಗೌರಿ ಹಬ್ಬ ಬಂತು. ತವರಿನವರು ಬಂದು ಮಗಳನ್ನು ಕರೆಯಬೇಕು. ಹೋದ ಹಬ್ಬಕ್ಕೆ ಅಣ್ಣ ಬಂದಿರಲಿಲ್ಲ, ಇವಳು ಹೋಗಿರಲಿಲ್ಲ. ಹಬ್ಬದ ದಿನ ಇಡೀ ಒಲೆ ಮುಂದೆ ಕೂತಿದ್ದಳು. ಈ ಸಲ ಅತ್ತೆ ಹೇಳಿ ಕಳಿಸಿದರು. "ಕಣ್ಣು ಮಂಜಾಯ್ತಾ ಐತೆ ಕಣವ್ವ. ಕಾಣೋವಾಗ್ಲೇ ಬಂದು ಮಕ ತೋರ್ಸೋಗು."

ಕಾರು ಆಗ ಚೆನ್ನಾಗಿತ್ತು. ಮೇಸ್ತ್ರಿ ಮುಟ್ಟಿ ಬಹಳ ದಿನ ಆಗಿತ್ತು, ಅದಕ್ಕೇ. ಹಬ್ಬದ ದಿನ ಬೆಳಗಾಗುತ್ತಲೂ ಹೊರಟೆವು. ಅರಕಲಗೂಡು ಸೇರುವಾಗ ಹಿಂದಿನ ಚಕ್ರಗಳ ಮಧ್ಯದಿಂದ ಕಟಕಟ ಅಂತ ಸದ್ದು. ಅಲ್ಲಿ ಹೊಸದಾಗಿ ಒಬ್ಬ ಶೆಡ್ಡು ಹಾಕಿದ್ದ. ಕೇಳಿ ನೋಡಿ, "ವಸಿ ಬಿಚ್ಬೇಕು ಸಾ, ಮಧ್ಯಾಹ್ನಕ್ಕೆ ಕೊಡ್ತೀನಿ," ಅಂದ. ಕೊಟ್ಟ. ಸದ್ದು ಹೋಗಿತ್ತು. ನಾವು ಹತ್ತಿ ಕೂತೆವು. ಮುಂದಕ್ಕೆ ಹೋಗೋ ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಕಾರು ಹಿಂದಕ್ಕೆ ಹೋಗಿ ಅವನ ಶೆಡ್ಡಿನೊಳಗೇ ನಿಂತಿತು.

"ಇನ್ನೂ ಏನಾರ ಮಾಡ್ಬೇಕಿತ್ತಾ ಸಾ?" ಅಂದ ಅವನು.

ಆಗಿದ್ದು ಇಷ್ಟು. ಹಿಂದಿನ ಅಚ್ಚಿನೊಳಗೆ ಒಂದು ದೊಡ್ಡ ಹಲ್ಲಿನ ಚಕ್ರ ಇರುತ್ತೆ. ಅದನ್ನು ಬಿಚ್ಚಿ ತೊಳೆದು ಹಾಕುವಾಗ ಎಡಗಡೆಯದನ್ನು ಬಲಗಡೆಗೆ ಕೂರಿಸಿದ್ದ. ಹಾಗೆ ಮಾಡಿದರೆ ಕಾರು ಉಲ್ಟಾ. ಮುಂದಕ್ಕೆ ಹೋಗೋ ಮೂರು ಗೇರೂ ಹಿಂದಕ್ಕೆ ಹೋಗುತ್ತವೆ. ಹಿಂದಕ್ಕೆ ಹೋಗೋ ಒಂದು ಗೇರು ಮುಂದಕ್ಕೆ ಹೋಗುತ್ತೆ, ಅದೂ ಬಸವನಹುಳದ ಹಾಗೆ.

"ತಿರ್ಗಾ ಬಿಚ್ತೀನಿ ಸಾ. ನಾಳೆ ಆಯ್ತದೆ," ಅಂದ.

"ನಾಳೆ ಅಬ್ಬ ಮುಗ್ದೋಗಿರ್ತದೆ," ಅಂದಳು ಹೆಂಡತಿ.

"ಅಂಗಾದ್ರೆ ಒಂದ್ ಜೊತೆ ಎತ್ತು ತರ್ಸ್ಲಾ ಅಕ್ಕಾ?"

ಅವಳು ಅವನ ಕಡೆ ನೋಡಿದ ನೋಟಕ್ಕೆ ಅವನು ಸ್ಪಾನರು ಕೆಳಗೆ ಹಾಕಿದ. ಆಮೇಲೆ ನನ್ನನ್ನು ಕೇಳಿದಳು. "ಮುಂದ್ಕೆ ಓಯ್ತದಾ?"

"ಓಯ್ತದೆ. ದಾರೀಲಿ ಎಂಜಿನ್ ನೀರು ಕುದ್ದು ನಿಂತ್ಕತದೆ."

"ಇಂದಕ್ಕೆ?"

"ಇಂದಕ್ಕೆ ಚೆನ್ನಾಗ್ ಓಯ್ತದೆ. ಮೂರು ಗೇರು."

"ಅಂಗಾದ್ರೆ ಇಂದಕ್ಕೇ ನಡೀರಿ. ನಮ್ಮವ್ವನ್ ಮನೆಗೆ ಎಂಗ್ ಓದ್ರೇನು."

ಆರೇಳು ಮೈಲಿ ಹಿಂದಕ್ಕೆ ಹೋದೆವು. ಅವಳು ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ ಹಿಂದಿನ ಗಾಜಲ್ಲಿ ನೋಡುತ್ತ, "ಎಡಕ್ಕೆ, ಎಡಕ್ಕೆ, ಎಮ್ಮೆ ಐತೆ, ಈಗ ನೆಟ್ಟಗೆ," ಅಂತ ಹೇಳೋಳು. ನನ್ನ ಕತ್ತು ಹಗ್ಗ ಹೊಸೆದ ಹಾಗೆ ಆಗಿತ್ತು. ಒಂದು ಕಡೆ ಅರಕಲಗೂಡಿಂದ ನಾವು ಹೋಗೋ ಕಡೆಗೇ ಒಂದು ಬಸ್ಸು ಬಂತು. ಅದರ ಮುಖ, ನಮ್ಮ ಕಾರಿನ ಮುಖ ಎದುರುಬದುರು. ರಸ್ತೆ ಅಗಲ ಇಲ್ಲ. ಆ ಡ್ರೈವರೂ ನಾನೂ ಬೀಗರ ಹಾಗೆ ಮುಖ ಮುಖ ನೋಡಿಕೊಂಡು ಸುಮಾರು ದೂರ ಹೋದೆವು. ಇನ್ನೊಂದು ಕಡೆ ಗಾಡಿ ಹೊಡೆಯುತ್ತಿದ್ದ ಒಬ್ಬ ಮುದುಕ ನಿಲ್ಲಿಸಿ ಕೇಳಿದ. "ದಾರೀಲಿ ಏನಾರ ಬಿದ್ದೋಯ್ತಾ ಸ್ವಾಮಿ? ಉಡುಕ್ತಾ ಇದ್ದೀರಾ?"

ಊರ ಬಾಯಿಗೆ ಬಂದೆವು. ಕುರಿಮಂದೆ ಅಡ್ಡ ಬಂತು, ನಿಲ್ಲಿಸಿದೆ. ನೀರಿಗೆ ಬಂದಿದ್ದ ಒಬ್ಬ ಹೆಂಗಸು ಓಡಿಹೋಗಿ ಭಾವನಿಗೆ, "ನಿಮ್ ತಂಗಿ ಬಂದವ್ರೆ, ಎತ್ತಿಲ್ಲ ಏನಿಲ್ಲ," ಅಂದಳಂತೆ. ಭಾವ ಜಗುಲಿ ಬಿಟ್ಟು ಏಳಲಿಲ್ಲವಂತೆ. "ಬರ್ಲಿ ಬಿಡು, ಮನೆ ಗೊತ್ತಿಲ್ವಾ," ಅಂದು ಎಲೆಗೆ ಸುಣ್ಣ ಹಚ್ಚಿದನಂತೆ. ಕಾದ. ನಾವು ಬರಲಿಲ್ಲ. ಕುರಿ ಇನ್ನೂ ದಾಟುತ್ತಿದ್ದವು. ಕೊನೆಗೆ ಕತ್ತು ಚಾಚಿ ಬೀದಿ ತುದಿಗೆ ನೋಡಿದ.

ಕಂಡದ್ದೇನು? ಕಾರು ನಿಂತಿದೆ. ಎಂಜಿನ್ನು ಓಡುತ್ತಿದೆ. ಕಾರಿನ ಬೆನ್ನು ಊರಿಗೆ, ಮುಖ ಅರಕಲಗೂಡಿಗೆ.

ತಂಗಿ ಊರ ಬಾಯಿವರೆಗೆ ಬಂದು, ಯಾರೂ ಕರೆಯೋಕೆ ಬರಲಿಲ್ಲ ಅಂತ ಕಾರು ತಿರುಗಿಸಿಕೊಂಡಳು ಅಂತ ಅವನ ಲೆಕ್ಕ.

ಓಡಿ ಬಂದ. ಚಪ್ಪಲಿ ಇಲ್ಲ. ಹೆಗಲ ಮೇಲಿನ ಟವಲು ದಾರಿಯಲ್ಲೇ ಬಿತ್ತು. ಬಾಯಲ್ಲಿ ಎಲೆಯಡಿಕೆ. "ಬಾವಾ! ನಿಲ್ಸಿ ಬಾವಾ! ಓಗ್ಬ್ಯಾಡಿ! ತಂಗ್ಯವ್ವಾ, ತಪ್ಪಾಯ್ತು ಕಣವ್ವ! ಅವ್ವ ಬೆಳಗಿಂದ ಬಾಗ್ಲಲ್ಲೇ ಕುಂತವ್ಳೆ, ಇಂಗೆ ಓಗ್ಬ್ಯಾಡ ಕಣವ್ವ!" ಬಂದು ಕಿಟಕಿ ಹಿಡಕೊಂಡ. ಏದುಸಿರು. ಕಣ್ಣಲ್ಲಿ ನೀರು.

ನಾನು ಬಾಯಿ ತೆರೆಯೋಕೆ ಹೋದೆ. ಹೆಂಡತಿ ಹಿಂದಿನಿಂದ ನನ್ನ ಬೆನ್ನಿಗೆ ತಿವಿದಳು.

"ಕರೀತಿದ್ದೀಯೇನಣ್ಣಾ?" ಅಂದಳು.

"ಕರೀತಿದ್ದೀನಿ ಕಣವ್ವ. ಕೈ ಮುಗೀತೀನಿ, ಬಾ."

"ಅಂಗಾದ್ರೆ ಬತ್ತೀನಿ. ಪಕ್ಕಕ್ ಸರ್ಕ," ಅಂದಳು. ನನಗೆ, "ನಡೀರಿ," ಅಂದಳು.

ಗೇರು ಹಾಕಿದೆ. ಕಾರು ಬೆನ್ನು ಮುಂದೆ ಮಾಡಿಕೊಂಡು ನೆಟ್ಟಗೆ ಮನೆ ಬಾಗಿಲಿಗೆ ಹೋಗಿ ನಿಂತಿತು. ಅತ್ತೆ ಆರತಿ ತಂದರು. ಕಣ್ಣು ಮಂಜು, ಡಿಕ್ಕಿಗೇ ಎತ್ತಿದರು. ಮಗಳು ಇಳಿದು ಅವರ ಕೈ ಹಿಡಿದುಕೊಂಡಳು. ಅವರು ಅವಳ ಮುಖವನ್ನು ಎರಡೂ ಕೈಯಲ್ಲಿ ಸವರಿ ಸವರಿ ನೋಡಿದರು. ಭಾವ ಬೀದಿಯಲ್ಲೇ ನಿಂತು ಕಾರಿನ ಮುಂದುಗಡೆ ಒಂದು ಸಲ, ಹಿಂದುಗಡೆ ಒಂದು ಸಲ ನೋಡಿದ. ಏನೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಮರುದಿನ ಹೊರಟೆವು. ಅರಕಲಗೂಡಿನ ಶೆಡ್ಡಿನವರೆಗೂ ಮತ್ತೆ ಹಿಂದಕ್ಕೇ ಹೋಗಬೇಕು. ಬೀದಿಯಲ್ಲಿ ಕಾರು ತಿರುಗಿಸಿಕೊಂಡೆ. ಈಗ ಕಾರಿನ ಮುಖ ತವರಿನ ಕಡೆ. ಬೇರೆ ಹೆಣ್ಣುಮಕ್ಕಳು ತವರಿಂದ ಹೊರಟರೆ ತಿರುಗಿ ತಿರುಗಿ ನೋಡಬೇಕು. ಇವಳಿಗೆ ಆ ಕಷ್ಟ ಇಲ್ಲ. ನನ್ನ ಪಕ್ಕದ ಸೀಟಲ್ಲಿ ಆರಾಮಾಗಿ ಕೂತು, ಬಾಗಿಲಲ್ಲಿ ನಿಂತ ಅವ್ವನಿಗೆ ಕೈ ಬೀಸುತ್ತ ಹೋದಳು. ಹಿಂದೆ ನೋಡೋ ಕೆಲಸ ಎಲ್ಲ ನಂದೇ.

ಭಾವ ಬೀದಿ ನಡುವೆ ನಿಂತಿದ್ದ. ಎದುರಿಗೆ ಕಾರಿನ ಮುಖ, ಮುಖದೊಳಗೆ ನಗುತ್ತ ಕೈ ಬೀಸೋ ತಂಗಿ. ಅವನು ಎರಡು ಹೆಜ್ಜೆ ಮುಂದಕ್ಕೆ ಬಂದ, ನಿಂತ, ಮತ್ತೆ ಬಂದ. ಆಮೇಲೆ ಎರಡೂ ಕೈ ಬಾಯಿಗಿಟ್ಟು ಕೂಗಿದ.

"ಬಾವಾ! ಬತ್ತಾ ಇದ್ದೀರೋ, ಓಯ್ತಾ ಇದ್ದೀರೋ, ಮೊದ್ಲೇ ಯೋಳ್ಬುಡಿ! ಇನ್ನೊಂದ್ ಸಲ ಓಡಕ್ ನನ್ ಕೈಲಾಗಕಿಲ್ಲ!"