ಸಿಯಾವುಶ್ ಬಾಯಿ ಬಿಟ್ಟ ದಿನ

ಹಮ್ದಮನ ಫೋನು ಕಿವಿಗೆ ಹಿಡಿದರೆ ಏನೂ ಕೇಳಿಸುತ್ತಿರಲಿಲ್ಲ. ಸ್ಪೀಕರ್ ಹಾಕಿದರೆ ಮಾತ್ರ ಇಡೀ ಬೀದಿಗೆ ಕೇಳಿಸುತ್ತಿತ್ತು. ರಿಪೇರಿಗೆ ಕೊಡಬೇಕು ಎಂದುಕೊಳ್ಳುತ್ತಲೇ ಬೇಸಿಗೆ ಅರ್ಧ ಕಳೆದಿತ್ತು. ಆ ಗುರುವಾರ ಬೆಳಿಗ್ಗೆ ಅವನು ನಾನ್ ರೊಟ್ಟಿ ತರಲೆಂದು ತಂದೂರ್ ಒಲೆಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಆ ಫೋನು ಬಡಿದುಕೊಂಡಿತು. ಮಾಡಿದವನು ಜರ್ದಾಲು ಫುಟ್‌ಬಾಲ್ ಕ್ಲಬ್ಬಿನ ಮುಖ್ಯ ಕೋಚ್ ಹಕ್‌ನಜರ್.

"ಹಮ್ದಮ್, ಆ ಹುಡುಗ ಸಿಯಾವುಶ್ ಫಸ್ಟ್ ಟೀಮಿಗೆ ರೆಡಿ ಇದಾನಾ, ಇಲ್ವಾ? ಸಂಜೆಯೊಳಗೆ ಸ್ಟೇಡಿಯಮ್ಮಿಗೆ ಬಂದು ಹೇಳು. ಹೌದು ಅಥವಾ ಇಲ್ಲ, ಅಷ್ಟೇ. ಕತೆ ಹೇಳ್ಬೇಡ."

ಫೋನು ಇಟ್ಟಾಗ ಸಾಲಿನಲ್ಲಿದ್ದವರೆಲ್ಲ ನಾನ್ ಮರೆತು ಹಮ್ದಮನನ್ನೇ ನೋಡುತ್ತಿದ್ದರು. ತಂದೂರಿನೊಳಗೆ ಬಗ್ಗಿದ್ದ ಹೆಂಗಸು ಕೂಡ ತಲೆ ಹೊರಗೆ ತೆಗೆದಿದ್ದಳು.

ಕಾನಿಬಾದಾಮ್ ಊರಿನ ಆ ಮೊಹಲ್ಲಾದಲ್ಲಿ ಸಿಯಾವುಶ್ ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಹದಿನೆಂಟು ವರ್ಷದ ಹುಡುಗ. ಅಜ್ಜಿ ಸಾಕಿದ ಮಗು. ಬಾಗಿಲಷ್ಟು ಎತ್ತರ, ಸಲಿಕೆಯಂಥ ಕೈಗಳು. ಕ್ಲಬ್ಬಿನ ಎರಡನೇ ತಂಡದಲ್ಲಿ ಗೋಲು ಕಾಯುತ್ತಿದ್ದ. ಮೊದಲ ತಂಡದ ಗೋಲ್‌ಕೀಪರ್ ಇಸ್ಕಂದರ್ ಹಿಂದಿನ ಭಾನುವಾರ ತಂಗಿಯ ಮದುವೆಯಲ್ಲಿ ಪಲಾವಿನ ಕಡಾಯಿಯ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿದ್ದ. ಹಬೆಯಾಡುವ ಅನ್ನವನ್ನು ನೆಂಟರೆಲ್ಲ ಹೊಗಳುತ್ತಿದ್ದಾಗ ಇವನು ಎರಡೂ ಅಂಗೈ ಸುಟ್ಟುಕೊಂಡು ಬಾವಿಕಟ್ಟೆಗೆ ಓಡಿದ್ದ. ಶನಿವಾರ ಪಂದ್ಯ. ಎದುರಾಳಿಗಳು ಲೀಗಿನಲ್ಲಿ ಎಲ್ಲರಿಗಿಂತ ಮೇಲಿದ್ದವರು. ಹಾಗಾಗಿ ಕೋಚ್ ಏಕೆ ಕೇಳುತ್ತಿದ್ದಾನೆಂದು ಹಮ್ದಮನಿಗೂ ಸಾಲಿನಲ್ಲಿದ್ದವರಿಗೂ ಒಟ್ಟಿಗೇ ಅರ್ಥವಾಯಿತು.

ಗೋಲ್‌ಕೀಪರುಗಳ ಕೋಚ್ ಹಮ್ದಮನೇ ಆದರೂ ಅಭಿಪ್ರಾಯವನ್ನು ಮೊದಲು ಕೊಟ್ಟವರು ಬೇರೆಯವರು. ಒಬ್ಬ, ಹುಡುಗ ತೆಳ್ಳಗಿದ್ದಾನೆ, ಕುರಿಯ ಬಾಲದ ಕೊಬ್ಬು ತಿನ್ನಿಸದೆ ನಿಲ್ಲಿಸಬಾರದು ಎಂದ. ಇನ್ನೊಬ್ಬಳು, ಮೊದಲು ನಿಶ್ಚಿತಾರ್ಥ ಮಾಡಿಸಿ, ಆಮೇಲೆ ಜವಾಬ್ದಾರಿ ತಾನಾಗಿ ಬರುತ್ತದೆ ಎಂದಳು. ಮೊಹಲ್ಲಾದ ಹಿರಿಯ, ಎಲ್ಲರ ಅಜ್ಜನಂಥ ಗಫೋರ್ ಬೋಬೋ ಊರುಗೋಲು ನೆಲಕ್ಕೂರಿ ತೀರ್ಪು ಕೊಟ್ಟರು. "ಈ ಬೀದಿಯಲ್ಲಿ ನನ್ನ ಕಂಡ ಕೂಡ್ಲೆ ಸೈಕಲ್ ಇಳಿದು ಎದೆ ಮೇಲೆ ಕೈಯಿಟ್ಟು ಸಲಾಮ್ ಹೇಳೋನು ಅವನೊಬ್ಬನೇ. ಅಂಥ ಮರ್ಯಾದಸ್ಥ ಹುಡುಗನ್ನ ಪರೀಕ್ಷೆ ಬೇರೆ ಮಾಡ್ಬೇಕಾ?"

"ಅವನ ಕಾಯಿಲೆಯೇ ಅದು, ಬೋಬೋ" ಎಂದು ಹೇಳಿಬಿಟ್ಟ ಹಮ್ದಮ್. ಬೋಬೋ ಮುಖ ತಿರುಗಿಸಿಕೊಂಡರು.

ಆದರೆ ಅದು ನಿಜವಾಗಿತ್ತು. ಸಿಯಾವುಶನ ಕೈಗೆ ಚೆಂಡು ಗೋಂದು ಹಚ್ಚಿದಂತೆ ಅಂಟುತ್ತಿತ್ತು. ಕಣ್ಣು ಚುರುಕು, ಕಾಲು ಚುರುಕು. ಕೆಟ್ಟಿದ್ದು ಬಾಯಿ ಒಂದೇ. ಗೋಲ್‌ಕೀಪರ್ ಎಂದರೆ ಹಿಂದೆ ನಿಂತು ಇಡೀ ಮೈದಾನ ನೋಡುವವನು. ಮುಂದಿರುವ ಡಿಫೆಂಡರುಗಳಿಗೆ ಎಡಕ್ಕೆ ಬಾ, ಅವನನ್ನು ಹಿಡಿ, ಬಿಡು, ನನ್ನದು ಎಂದು ಗಂಟಲು ಹರಿಯುವಂತೆ ಕೂಗಬೇಕು. ಮೊದಲ ತಂಡದ ಡಿಫೆಂಡರುಗಳೋ, ಮೀಸೆ ಬಿಟ್ಟ ಸಂಸಾರಸ್ಥರು. ಅಜ್ಜಿ ಕೈಯಲ್ಲಿ ಬೆಳೆದ ಹುಡುಗನಿಗೆ ಅಕಾ, ಅಂದರೆ ಅಣ್ಣಾ, ಎನ್ನದೆ ಅವರನ್ನು ಏಕವಚನದಲ್ಲಿ ಕೂಗಲು ನಾಲಿಗೆಯೇ ಹೊರಳುತ್ತಿರಲಿಲ್ಲ.

ಅಂದು ಬೆಳಗಿನ ಅಭ್ಯಾಸದಲ್ಲೂ ಹಾಗೇ ಆಯಿತು. ಎಡಬದಿಯಿಂದ ಚೆಂಡು ಮೇಲೆದ್ದು ಬಂತು. ಅದು ಗಾಳಿಯಲ್ಲಿದ್ದಾಗಲೇ ಎಲ್ಲಿ ಬೀಳುತ್ತದೆಂದು ಸಿಯಾವುಶ್ ಕಂಡಿದ್ದ. "ಅಕಾ, ತಪ್ಪು ತಿಳ್ಕೋಬೇಡಿ, ನಿಮಗೆ ತೊಂದ್ರೆ ಇಲ್ಲ ಅಂದ್ರೆ ಸ್ವಲ್ಪ ಈ ಕಡೆ..." ಎನ್ನುತ್ತಿದ್ದ. ವಾಕ್ಯ ಮುಗಿಯುವ ಮೊದಲೇ ಚೆಂಡು ಬಲೆಯೊಳಗಿತ್ತು. ಡಿಫೆಂಡರ್ ಹಿಂದಿರುಗಿ, "ಏನಂದೆ ಕಂದಾ?" ಎಂದು ಕೇಳಿದ.

ಹಮ್ದಮ್ ತಲೆಯ ಮೇಲೆ ಕೈಹೊತ್ತು ಹುಲ್ಲಿನ ಮೇಲೆ ಕುಳಿತ. ಅವನ ಸಂಕಟ ಅವನಿಗೇ ಗೊತ್ತು. ಅವನನ್ನೂ ಹತ್ತೊಂಬತ್ತನೇ ವಯಸ್ಸಿನಲ್ಲಿ, ಇನ್ನೂ ಬಲಿಯದಿದ್ದಾಗ, ಯಾರೋ ಅವಸರಪಟ್ಟು ಮೊದಲ ತಂಡಕ್ಕೆ ನಿಲ್ಲಿಸಿದ್ದರು. ಅಂದು ಏಳು ಗೋಲು ಬಿದ್ದವು. ಅದಾದ ಮೇಲೆ ಚೆಂಡು ಮೇಲೆದ್ದಾಗಲೆಲ್ಲ ಅವನು ಗೋಲಿನ ಗೆರೆ ಬಿಟ್ಟು ಮುಂದೆ ಬರುತ್ತಿರಲಿಲ್ಲ. ಆಟ ಅಲ್ಲಿಗೇ ಮುಗಿಯಿತು. ಈ ಹುಡುಗನಿಗೆ ಹಾಗಾಗಬಾರದು. ಆದರೆ 'ಇಲ್ಲ' ಎಂದು ಹೇಳಿದರೆ? ಕೂರಿಸಿದಲ್ಲೇ ಕೂತು ತುಕ್ಕು ಹಿಡಿದ ಹುಡುಗರನ್ನೂ ಅವನು ಬೇಕಾದಷ್ಟು ಕಂಡಿದ್ದ.

"ನೀನು ಕೂಗೋದನ್ನ ಕಲೀಬೇಕು, ಇವತ್ತೇ" ಎಂದ.

"ಸರಿ ಉಸ್ತಾದ್" ಎಂದ ಸಿಯಾವುಶ್, ಪಕ್ಕದಲ್ಲಿದ್ದವರಿಗೂ ಕೇಳದ ಹಾಗೆ.

ಮಧ್ಯಾಹ್ನ ಇಬ್ಬರೂ ಮೊಹಲ್ಲಾದ ಹಿಂದಿನ ಕಾಲುವೆ ದಂಡೆಗೆ ಹೋದರು. ಅಲ್ಲಿ ಮಲ್ಬೆರಿ ಮರಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಎದುರು ದಂಡೆಯ ಮರವೇ ಡಿಫೆಂಡರ್ ಎಂದುಕೊಂಡು ಕೂಗು ಎಂದ ಹಮ್ದಮ್. ಸಿಯಾವುಶ್ ಗಂಟಲು ಸರಿಮಾಡಿಕೊಂಡ. ಕೆಂಪಗಾದ. ಮರಕ್ಕೂ ಬಹುವಚನ ಹಚ್ಚಿದ. ಹತ್ತು ಸಲ ಹೇಳಿಕೊಟ್ಟರೂ ದನಿ ಮೇಲೇಳಲಿಲ್ಲ. ಕೊನೆಗೆ ಹಮ್ದಮನ ತಾಳ್ಮೆ ಕೆಟ್ಟಿತು. ಕೂಗುವುದೆಂದರೆ ಹೀಗೆ ಎಂದು ತೋರಿಸಲು ಅವನೇ ಎದೆ ತುಂಬ ಗಾಳಿ ಎಳೆದುಕೊಂಡು, "ಬಿಡಬೇಡ! ಹಿಡೀ, ಹಿಡಿಯೋ ಅವನನ್ನ!" ಎಂದು ಒದರಿದ.

ಮರಗಳ ಮೇಲಿನ ಮೈನಾಗಳೆಲ್ಲ ಹಾರಿಹೋದವು. ಬೆನ್ನಿಗೇ ಮೊಹಲ್ಲಾದ ಹಿತ್ತಲ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಯಾರೋ ಕಾಲುವೆಗೆ ಬಿದ್ದರು ಎಂದು ಹೆಂಗಸರು ಓಡಿಬಂದರು. ಕಲ್ಲಂಗಡಿ ವ್ಯಾಪಾರಿ ಮಹ್ಕಮ್ ಬಾಯಲ್ಲಿದ್ದ ತುತ್ತನ್ನೂ ನುಂಗದೆ ಬಂದವನು, ಯಾರು, ಎಲ್ಲಿ ಎಂದು ಕೇಳದೆ ಬಟ್ಟೆ ಸಮೇತ ನೀರಿಗೆ ಹಾರಿದ. ಕಾಲುವೆಯಲ್ಲಿ ಇದ್ದದ್ದು ಮೊಣಕಾಲುದ್ದ ನೀರು, ಅದರ ಕೆಳಗೆ ಅಷ್ಟೇ ಕೆಸರು. ಅವನು ಎದ್ದು ನಿಂತಾಗ ಆಗ ತಾನೇ ಮಣ್ಣು ಕಲಸಿಟ್ಟ ಗುದ್ದಲಿಯಂತಿದ್ದ. ಪಾದ ಉಳುಕಿತ್ತು.

"ಮುಳುಗಿದೋನು ಯಾರು?" ಎಂದು ಕೇಳಿದ.

ಯಾರೂ ಮುಳುಗಿಲ್ಲ, ಪಾಠ ನಡೀತಿತ್ತು ಎಂದು ಹಮ್ದಮ್ ವಿವರಿಸಿದ. ಮಹ್ಕಮ್ ಸಮಾಧಾನವಾಗಿಯೇ ಕೇಳಿಸಿಕೊಂಡ. ಆಮೇಲೆ ಅಷ್ಟೇ ಸಮಾಧಾನವಾಗಿ, ತನ್ನ ಲಾರಿ ತುಂಬ ಕಲ್ಲಂಗಡಿ ಬಂದು ನಿಂತಿದೆ, ಈ ಕಾಲಿನಲ್ಲಿ ತಾನು ಹತ್ತಿ ಇಳಿದು ಮಾಡುವಂತಿಲ್ಲ, ಆದ್ದರಿಂದ ಉಸ್ತಾದರೂ ಶಿಷ್ಯನೂ ಬಂದು ಇಳಿಸಿಕೊಡತಕ್ಕದ್ದು ಎಂದ. ಸುತ್ತ ನಿಂತಿದ್ದ ಹೆಂಗಸರೆಲ್ಲ ಅದೇ ನ್ಯಾಯ ಎಂದರು.

ಹೀಗಾಗಿ ಬಿಸಿಲು ಇಳಿಯುವ ಹೊತ್ತಿಗೆ ಕ್ಲಬ್ಬಿನ ಗೋಲ್‌ಕೀಪರುಗಳ ಕೋಚ್ ಮಹ್ಕಮನ ಅಂಗಡಿ ಮುಂದೆ ಕಲ್ಲಂಗಡಿ ಜೋಡಿಸುತ್ತಿದ್ದ. ಮಹ್ಕಮನನ್ನು ನಾಲ್ಕು ಜನ ಎತ್ತಿ ಲಾರಿಯ ಮೇಲೆ ಕೂರಿಸಿದ್ದರು. ಅವನು ಅಲ್ಲಿಂದ ಹಣ್ಣು ಎಸೆಯುವುದು, ಕೆಳಗೆ ಸಿಯಾವುಶ್ ಹಿಡಿದು ಹಮ್ದಮನಿಗೆ ದಾಟಿಸುವುದು. ಬೀದಿಯ ಜನ ಗೋಡೆಗೆ ಬೆನ್ನು ಹಚ್ಚಿ ನೋಡುತ್ತ ನಿಂತರು. ಹುಡುಗ ಸಿದ್ಧನೋ ಅಲ್ಲವೋ ಎಂಬ ಚರ್ಚೆ ಮತ್ತೆ ಶುರುವಾಗಿತ್ತು.

ಹಣ್ಣುಗಳು ಎಡಕ್ಕೆ ಬಲಕ್ಕೆ ಹೇಗೆ ಬಂದರೂ ಸಿಯಾವುಶನ ಕೈಗೆ ಬಂದು ಮಲಗುತ್ತಿದ್ದವು. ನಡುವೆ ಒಂದು ಮಾತ್ರ, ಎಣ್ಣೆಯಲ್ಲಿ ಅದ್ದಿದಂತೆ ನುಣುಪಾಗಿದ್ದದ್ದು, ಬೆರಳ ನಡುವೆ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಕೆಂಪು ತಿರುಳು ಬೀದಿಯುದ್ದ ಚೆಲ್ಲಿತು. ಗೋಡೆಯ ಬಳಿ ನಿಂತವರು ಅಯ್ಯೋ ಎಂದರು. ಮುಗಿಯಿತು, ಇವನ ಕೈಲಾಗದು ಎಂದೂ ಒಬ್ಬ ಅಂದ. ಹಮ್ದಮ್ ಹುಡುಗನ ಮುಖ ನೋಡಿದ. ತನ್ನ ಮುಖದಲ್ಲಿ ಒಂದು ಕಾಲಕ್ಕೆ ಬಂದು ಕೂತಿದ್ದ ಭಯ ಅಲ್ಲಿಯೂ ಬರುತ್ತದೆಯೇ ಎಂದು ಕಾದ. ಬರಲಿಲ್ಲ. ಸಿಯಾವುಶ್ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ತಪ್ಪು ನಂದೇ, ಮಹ್ಕಮ್ ಅಕಾ. ಮುಂದಿಂದು ಎಸೀರಿ" ಎಂದ. ಮುಂದಿನದನ್ನು ಏನೂ ಆಗಿಲ್ಲವೆಂಬಂತೆ ಹಿಡಿದ.

ಹಮ್ದಮ್ ಮುಂದಿನ ಹಣ್ಣಿಗೆ ಕೈ ಚಾಚಿದ. ಇನ್ನು ಬಾಯಿ ಒಂದು ಬಂದರೆ ಸಾಕು.

ಅಷ್ಟರಲ್ಲಿ ಗಫೋರ್ ಬೋಬೋ ಬಂದರು. ಕಾಲುವೆ ದಂಡೆಯಲ್ಲಿ ಮೊಹಲ್ಲಾದ ನೆಮ್ಮದಿ ಕೆಡಿಸಿದ್ದಕ್ಕೆ ಬುದ್ಧಿ ಹೇಳಲೆಂದೇ ಬಂದಿದ್ದರು. ಲಾರಿಗೆ ಬೆನ್ನು ಮಾಡಿ ನಿಂತು, ತಮ್ಮ ಕಾಲದಲ್ಲಿ ಜನ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರು ಎಂಬಲ್ಲಿಂದ ಆರಂಭಿಸಿದರು. ಮೇಲೆ ಮಹ್ಕಮ್ ಗಿರಾಕಿಯೊಬ್ಬನ ಜೊತೆ ಚೌಕಾಸಿಗೆ ಇಳಿದಿದ್ದ. ಅತ್ತ ನೋಡಿಕೊಂಡೇ ಕೈಗೆ ಸಿಕ್ಕಿದ ಹಣ್ಣನ್ನು ಇತ್ತ ಎಸೆದ. ಅದು ಲಾರಿಯಲ್ಲಿದ್ದುದರಲ್ಲೆಲ್ಲ ದೊಡ್ಡದು. ನೇರವಾಗಿ ಬೋಬೋ ಅವರ ಕಸೂತಿ ಟೋಪಿಯ ಕಡೆಗೆ ಹೊರಟಿತು.

"ಬಗ್ಗೋ ಮುದುಕಾ! ನಂದು ಅದು!"

ಕಾಲುವೆಯ ಆಚೆ ದಂಡೆಗೂ ಸಿಯಾವುಶನ ಆ ದನಿ ಕೇಳಿಸಿರಬೇಕು. ಎಂಬತ್ತು ದಾಟಿದ ಬೋಬೋ ಹುಡುಗನಂತೆ ಕುಕ್ಕರಿಸಿದರು. ಅವರ ಟೋಪಿಯ ಮೇಲಿಂದ ಹಾರಿದ ಸಿಯಾವುಶ್ ಹಣ್ಣನ್ನು ಎದೆಗವಚಿಕೊಂಡು ಧೂಳಿನಲ್ಲಿ ಉರುಳಿದ. ಹಣ್ಣಿಗೆ ಒಂದು ಗೀರೂ ಬೀಳಲಿಲ್ಲ.

ಬೋಬೋ ನಿಧಾನವಾಗಿ ಎದ್ದು ಟೋಪಿ ಸರಿಮಾಡಿಕೊಂಡರು. ತಲೆ ಉಳಿದದ್ದು ಅವರ ಗಮನಕ್ಕೇ ಬಂದಿರಲಿಲ್ಲ. "ಏನಂದ ಇವನು ನನಗೆ?" ಎಂದು ಸುತ್ತಲೂ ಕೇಳಿದರು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಿಯಾವುಶ್ ಎದ್ದು ನಿಂತಿದ್ದ. ಹಣ್ಣಿಗಿಂತ ಕೆಂಪಾಗಿ, ಕ್ಷಮೆ ಕೇಳಲು ಬಾಯಿ ತೆರೆಯುತ್ತಿದ್ದ. ಹಮ್ದಮ್ ಮಧ್ಯೆ ನುಗ್ಗಿ ಹುಡುಗನ ಹಣೆಗೆ ಮುತ್ತಿಟ್ಟ. ಆಮೇಲೆ ಬೋಬೋ ಅವರ ಎರಡೂ ಕೈ ಹಿಡಿದು, ಬೈಯುವುದಾದರೆ ತನ್ನನ್ನು ಬೈಯಿರಿ, ಇವತ್ತು ಈ ಒಂದು ಮಾತನ್ನು ಮಾತ್ರ ಅವನಿಂದ ಹಿಂದಕ್ಕೆ ತೆಗೆಸಬೇಡಿ ಎಂದು ಬೇಡಿಕೊಂಡ. ಇದು ಬೋಬೋ ಅವರಿಗೆ ಹೊಸದಾದ ಅವಮಾನವಾಗಿ ಕಂಡಿತು. ಇನ್ನು ಆರು ತಿಂಗಳು ನಿನ್ನ ಮನೆಯ ಚಹಾ ಕುಡಿಯುವುದಿಲ್ಲ ಎಂದು ಹೇಳಿ ಹೊರಟುಹೋದರು.

ಹಮ್ದಮನಿಗೆ ಅದರ ಪರಿವೆಯೇ ಇರಲಿಲ್ಲ. ಸೈಕಲ್ ಹತ್ತಿ, ಬೆಲ್ಲು ಬಾರಿಸುತ್ತ ಸ್ಟೇಡಿಯಮ್ಮಿಗೆ ಹೋದ. ಗೇಟಿನ ಬಳಿ ಕಪ್ಪು ಕಾರೊಂದು ನಿಂತಿತ್ತು. ಕ್ಲಬ್ಬಿನ ಅಧ್ಯಕ್ಷರು ಬಂದಿರಬೇಕು, ಅವರಿಗೂ ಕೇಳಲಿ ಎಂದುಕೊಂಡು ಜೋರಾಗಿಯೇ ಒಳಗೆ ನುಗ್ಗಿದ.

"ಹೌದು, ಹಕ್‌ನಜರ್ ಅಕಾ. ಹುಡುಗ ರೆಡಿ. ನನ್ನ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ."

ಹಕ್‌ನಜರ್ ಎದುರು ಕುರ್ಚಿಯಲ್ಲಿ ಸೂಟು ಹಾಕಿದ ಇಬ್ಬರು ಅಪರಿಚಿತರು ಕೂತಿದ್ದರು. ಅವರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿ, ಎದ್ದು ಬಂದು ಹಮ್ದಮನ ಕೈಕುಲುಕಿದರು. ಅಂಥ ಹುಡುಗನನ್ನು ತಯಾರು ಮಾಡಿದ ಕೈ ಇದು ಎಂದು ಹೊಗಳಿದರು. ಹುಡುಗನ ಮನೆ ಎಲ್ಲಿ ಎಂದು ಕೇಳಿಕೊಂಡು ಹೊರಟರು. ಕಾರು ಧೂಳೆಬ್ಬಿಸಿತು.

"ಯಾರವರು?" ಎಂದ ಹಮ್ದಮ್.

"ರಾಜಧಾನಿ ದುಶಾಂಬೆಯ ಕ್ಲಬ್ಬಿನೋರು. ತಿಂಗಳಿಂದ ಹುಡುಗನ ಮೇಲೆ ಕಣ್ಣಿಟ್ಟಿದ್ರು. ಅವರ ಫಸ್ಟ್ ಟೀಮಿಗೆ ಆಗ್ತಾನಾ ಅಂತ ನಿನ್ನ ಬಾಯಿಂದಲೇ ಕೇಳ್ಬೇಕು ಅಂದ್ರು. ಆಗ್ತಾನೆ ಅಂದ್ರೆ ಇವತ್ತೇ ಅಜ್ಜಿ ಹತ್ರ ಮಾತಾಡಿ ಕರ್ಕೊಂಡು ಹೋಗೋದು ಅಂತ ಮಾತಾಗಿತ್ತು."

ಹಮ್ದಮ್ ಕುರ್ಚಿಗಾಗಿ ತಡಕಾಡಿದ. "ನೀವು ಬೆಳಿಗ್ಗೆ ಕೇಳಿದ್ದು ನಮ್ಮ ಟೀಮಿಗೆ ಅಂತ..."

"ನಮ್ಮದಕ್ಕೆ ಕೇಳೋದೇನು? ಇಸ್ಕಂದರ್ ಕೈ ಸುಟ್ಕೊಂಡ ಮೇಲೆ ರೆಡಿ ಇದ್ರೂ ಇಲ್ದಿದ್ರೂ ಅವನನ್ನೇ ನಿಲ್ಲಿಸ್ಬೇಕಿತ್ತು. ನೀನು ಇಲ್ಲ ಅಂದಿದ್ರೆ ಶನಿವಾರ ಅವನೇ ನಿಲ್ತಿದ್ದ."



"ಹಾಗಾದ್ರೆ ಶನಿವಾರ ಯಾರು?" ಎಂದ ಹಮ್ದಮ್.

ಹಕ್‌ನಜರ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಪ್ರತಿ ಕ್ಲಬ್ಬಿಗೂ ಮೂವರು ಗೋಲ್‌ಕೀಪರ್ ಇರಲೇಬೇಕೆಂದು ವಸಂತದಲ್ಲಿ ಲೀಗಿನವರು ನಿಯಮ ಮಾಡಿದ್ದು, ಮೂರನೆಯವನಿಗೆ ಸಂಬಳ ಕೊಡಲು ಅಧ್ಯಕ್ಷರು ಒಪ್ಪದ್ದು, ಆಗ ಬೇರೆ ದಾರಿ ಕಾಣದೆ ಒಂದು ಹೆಸರು ಬರೆಸಿದ್ದು, ಎಲ್ಲವನ್ನೂ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದ.

"ಯಾರ ಹೆಸರು?"

"ನಿನ್ನದು."

ಹಮ್ದಮ್ ತನ್ನ ಹೊಟ್ಟೆಯನ್ನು ನೋಡಿಕೊಂಡ. ಅದು ಅವನಿಗಿಂತ ಒಂದು ಗೇಣು ಮೊದಲೇ ಮೇಜನ್ನು ತಲುಪುವಂತಿತ್ತು. ನಲವತ್ತನಾಲ್ಕು ವಯಸ್ಸು, ಮೆಟ್ಟಿಲು ಹತ್ತುವಾಗ ಲಟಲಟ ಎನ್ನುವ ಮಂಡಿ. ಅಷ್ಟನ್ನೂ ವಿವರಿಸಿ ಹೇಳಿದ. ಹಕ್‌ನಜರ್ ಒಪ್ಪಿಕೊಂಡ. ಒಪ್ಪಿಕೊಂಡು, ಜೆರ್ಸಿ ಯಾವ ಅಳತೆ ಬೇಕು ಎಂದು ಕೇಳಿದ.

ಹಮ್ದಮ್ ಸೈಕಲ್ ತಳ್ಳಿಕೊಂಡು ಬೀದಿಗೆ ಬಂದಾಗ ಕಾರು ಸಿಯಾವುಶನ ಮನೆಯಿಂದ ಹೊರಟಿತ್ತು. ಅಜ್ಜಿ, ಹೋದವನು ಸುಖವಾಗಿ ಮರಳಲೆಂದು, ಕಾರಿನ ಹಿಂದೆ ಬೋಗುಣಿ ನೀರು ಚೆಲ್ಲಿ, ತಲೆವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಾರು ಹಮ್ದಮನ ಬಳಿ ನಿಂತಿತು. ಹುಡುಗ ಇಳಿದು ಬಂದ. ಎದೆಯ ಮೇಲೆ ಕೈಯಿಟ್ಟ. ಹಮ್ದಮ್ ಅವನ ಕೊರಳಪಟ್ಟಿ ಸರಿಮಾಡಿ, ಅಲ್ಲಿ ಮೊದಲ ದಿನವೇ ಎಲ್ಲರನ್ನೂ ಏಕವಚನದಲ್ಲಿ ಕೂಗಿಬಿಡು, ಆಮೇಲೆ ಅಭ್ಯಾಸವಾಗುತ್ತದೆ ಎಂದ. ಶನಿವಾರದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಹುಡುಗ ಕಾರು ಹತ್ತುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಹೆಂಡತಿ ಮಲೋಹತ್ ಜಗಲಿಯ ಮೇಲೆ ಊಟ ಬಡಿಸಿದ್ದಳು. ತಟ್ಟೆ ತುಂಬ ಹಬೆಯಾಡುವ ಮಾಂಸದ ಮಂತು ಕಡುಬು, ಮೇಲೆ ಮೊಸರು. ಎರಡು ಬಾಯಿಗಿಟ್ಟುಕೊಂಡ ಮೇಲೆ ಅವನು ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಹುಡುಗನಿಗೆ ಒಳ್ಳೆಯದಾಯಿತು ಎಂದು ಮನಸಾರೆ ಹಾರೈಸಿದಳು. ಆಮೇಲೆ ಗಂಡನನ್ನು ತಲೆಯಿಂದ ಕಾಲಿನವರೆಗೆ, ಮತ್ತೆ ಕಾಲಿನಿಂದ ಹೊಟ್ಟೆಯವರೆಗೆ ನೋಡಿದಳು. ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡು, ಅದೇ ಜಾಗದಲ್ಲಿ ಒಂದು ಸೌತೆಕಾಯಿ ಇಟ್ಟಳು.

"ಇದೇನಿದು?"

"ಇನ್ನು ಒಂದೇ ದಿನ ಇರೋದು" ಎಂದಳು ಮಲೋಹತ್.

ಹಮ್ದಮ್ ಸೌತೆಕಾಯಿ ಕೈಗೆತ್ತಿಕೊಂಡ. "ನಿಜ ಹೇಳು ಮಲೋಹತ್. ನನ್ನ ಕೈಲಾಗುತ್ತೆ ಅನ್ಸುತ್ತಾ ನಿಂಗೆ?"

ಅವಳು ತಟ್ಟೆ ಹಿಡಿದುಕೊಂಡು ಬೇಗ ಬೇಗ ಒಳಗೆ ಹೋದಳು. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ಅದರ ಹಿಂದಿನಿಂದ, ಅವಳು ಎಷ್ಟೇ ತಡೆದುಕೊಂಡರೂ, ನಗು ಕೇಳಿಸುತ್ತಲೇ ಇತ್ತು.