ಸೋದರಮಾವನ ಕಪ್ಪು ಕರೆಯೋಲೆ

ಅಕ್ಷರಗಳನ್ನು ಕುಣಿಸುವುದೇ ನನ್ನ ಭಾವಮೈದುನನ ಕಸುಬು. ಆದರೆ ಅವನ ಕಂಪ್ಯೂಟರಿನಲ್ಲಿ ಅಕ್ಷರವೊಂದು ಮಿಸುಕಾಡಿದ್ದನ್ನು ಕಂಡವರು ಈ ಮುಂಬಯಿಯಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ! ಘಾಟ್ಕೋಪರಿನ ಫ್ಲ್ಯಾಟಿನಲ್ಲಿ ಕೂತು ಜಾಹೀರಾತಿಗೆ, ಮದುವೆಗೆ ಚಲಿಸುವ ಚಿತ್ರ ಮಾಡಿಕೊಡುತ್ತಾನೆ. ಅವನೇ ಮಾಲೀಕ, ಅವನೇ ಕಲಾವಿದ, ಚಹಾ ಮಾಡುವವನೂ ಅವನೇ. ಅವನದೊಂದು ವ್ರತವಿದೆ: ಬಣ್ಣ, ಹಿನ್ನೆಲೆ, ಅಕ್ಷರದ ಆಕಾರ ಎಲ್ಲವೂ ಮೊದಲು ನಿಂತ ಚಿತ್ರದಲ್ಲಿ ಒಪ್ಪಿಗೆಯಾಗಬೇಕು. ಅಲ್ಲಿಯತನಕ ಒಂದು ಚುಕ್ಕಿಯನ್ನೂ ಅಲುಗಾಡಿಸುವಂತಿಲ್ಲ.

ನನ್ನ ಮಗಳ ಮದುವೆ ಗೊತ್ತಾದಾಗ, ಮೊಬೈಲಿನಲ್ಲಿ ಕಳಿಸುವ ಕರೆಯೋಲೆ ಮಾಡುವ ಹಕ್ಕು ಸೋದರಮಾವನದೇ ಆಯಿತು. ಅವನ ಜೊತೆಗಿರುವ ಅವನ ತಾಯಿ, ಅಂದರೆ ನನ್ನ ಅತ್ತೆ, ಕೇಳಿದ್ದು ಒಂದೇ.

"ನನ್ನ ಕಣ್ಣು ದಿನಾ ಮಂದ ಆಗಾಕತ್ತಾವ. ಮೊಮ್ಮಗಳ ಹೆಸರು ನಾನೂ ಓದೂಹಂಗ ಮಾಡಪಾ."

ಕಣ್ಣು ಇನ್ನು ಸುಧಾರಿಸುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

ಮರುದಿನವೇ ಭಾವಮೈದುನ ನನ್ನನ್ನು ದಾದರಿನ ಹೂವಿನ ಮಾರ್ಕೆಟ್ಟಿಗೆ ಎಳೆದೊಯ್ದ. ಅಕ್ಷರಕ್ಕೆ ಹಳದಿ ಬೇಕಂತೆ! ಒಂದೊಂದು ಚೆಂಡುಹೂವನ್ನೂ ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ, ವರಪರೀಕ್ಷೆ ಮಾಡುವವನಂತೆ ಕಣ್ಣು ಅರೆಮುಚ್ಚಿ ನೋಡಿದ. ಕೊಳ್ಳುತ್ತೀಯೋ, ಬರೀ ನೋಡುತ್ತೀಯೋ ಎಂದು ಹೂವಿನವಳು ಮರಾಠಿಯಲ್ಲಿ ಗದರಿದಳು. ಇವನು ಹೂವನ್ನು ಬುಟ್ಟಿಗೆ ಹಾಕಿ ನನ್ನ ಕಡೆ ತಿರುಗಿದ. "ಇದು ಹಳದಿ ಅಲ್ಲ ಭಾವಾ. ಇದಕ್ಕ ಕಾಮಾಲಿ ಆಗೇತಿ."

ತಿರುಗಿ ಬರುವಾಗ ಲೋಕಲ್ ರೈಲಿನಲ್ಲಿ ಕರಿ ಅಂಗಿ ತೊಟ್ಟ ದಾಂಡಿಗನೊಬ್ಬನನ್ನು ಎವೆಯಿಕ್ಕದೆ ದಿಟ್ಟಿಸತೊಡಗಿದ.

"ಕ್ಯಾ ದೇಖ್ ರಹಾ ಹೈ ಬೇ?" ಏನು ನೋಡುತ್ತೀಯೋ ಎಂದು ದಾಂಡಿಗ ಗುರುಗುಟ್ಟಿದ.

"ಬ್ಯಾಕ್‌ಗ್ರೌಂಡ್," ಎಂದ ಇವನು, ಬಲು ವಿನಯದಿಂದ. ಮುಂದಿನ ಸ್ಟೇಷನ್ನಿನಲ್ಲಿ ನಾನು ಬೋಗಿ ಬದಲಿಸಿದೆ.

ಆಮೇಲೆ ಗೋಡೆಯ ತುಂಬ ಚಿತ್ರಗಳು. ಅತ್ತೆಯನ್ನು ಎದುರಿಗೆ ಕೂರಿಸಿ ಒಂದೊಂದೇ ತೋರಿಸುವುದು, ಅವರು ಕಾಣದೆಂದು ತಲೆಯಾಡಿಸಿದರೆ ಹರಿದೊಗೆಯುವುದು. ನನ್ನ ಮಗಳು ಮೆಚ್ಚಿದ್ದ ತಿಳಿಗುಲಾಬಿಗೂ ಅದೇ ಗತಿಯಾಯಿತು. ಕೊನೆಗೆ ಅತ್ತೆಗೆ ಕಂಡದ್ದು ಕಪ್ಪಿನ ಮೇಲೆ ಹಳದಿ ಒಂದೇ.

"ಮಾಮಾ, ಸಬ್ ಲೋಗ್ ಪಿಂಕ್ ರಖ್ತೇ ಹೈಂ, ಎಲ್ಲರದೂ ಗುಲಾಬೀನೇ. ಕಪ್ಪು... ನನಗೆ ಬೇಡ, ಪ್ಲೀಸ್," ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು.

"ಮದುವಿಗೆ ಕರೀ ಬಣ್ಣ ಏನೋ? ಮಂದಿ ಏನ್ ಅಂದಾರು?" ಎಂದು ನನ್ನ ಹೆಂಡತಿಯೂ ಸಿಡಿದಳು.

"ನಿನ್ನ ತಾಳಿಯೊಳಗಿನ ಮಣಿ ಯಾವ ಬಣ್ಣ ಐತಿ ಅಕ್ಕಾ?" ಎಂದ. ಅಕ್ಕ ತಾಳಿಯನ್ನು ಸೆರಗಿನೊಳಗೆ ಸರಿಸಿಕೊಂಡಳು. ಮಗಳು ಅಜ್ಜಿಯ ಮುಖ ನೋಡಿ, ಆಗಲಿ ಎಂದಳು.

ಅಂತೂ ವ್ರತ ಮುಗಿದು ಎಲ್ಲವನ್ನೂ ಕುಣಿಸಿದ. ಭಾನುವಾರ ನಾವೆಲ್ಲ ಅವನ ಟಿವಿಯ ಮುಂದೆ ಕೂತೆವು. ಕಪ್ಪು ಪರದೆಯ ಮೇಲೆ ತೋರಣ ತೂಗಿತು, ಹೂವು ಸುರಿಯಿತು, ಹಳದಿ ಅಕ್ಷರಗಳು ಗಿರಗಿರನೆ ತಿರುಗಿ ಸಾಲುಗಟ್ಟಿದವು. ಎಂಥ ಸೊಗಸು! ಮಗಳೇ ಮೊದಲು ಚಪ್ಪಾಳೆ ತಟ್ಟಿದಳು. ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬಣ್ಣ ಕಾಣತೈತೋ. ಅಕ್ಷರ ಓಡತಾವ. ನನಗ ಹಿಡಿಯಾಕ ಆಗವಲ್ದು."

ಅವನು ಎದ್ದು ಒಳಗೆ ಹೋದ. ಊಟದ ಹೊತ್ತಿಗೆ ಹೊರಬಂದು ಮತ್ತೆ ಹಾಕಿದ. ತೋರಣ ತೂಗಿತು, ಹೂವು ಸುರಿಯಿತು. ಮಗಳ ಹೆಸರು ಮಾತ್ರ ಬಂದು ಸುಮ್ಮನೆ ನಿಂತಿತು. ನಾವೆಲ್ಲ ಓದಿ ಮುಗಿಸಿದೆವು. ಅದು ಇನ್ನೂ ನಿಂತಿತ್ತು. ಅತ್ತೆ ಬೆರಳು ಚಾಚಿ ಶುರುಮಾಡಿದರು.

"ವೈ... ಶಾ..."

ಹೆಸರು ಕದಲದೆ ಕಾಯುತ್ತಿತ್ತು.

"...ಲಿ."